‘ಹಳೆಯ ಪಾಠ’ ಯಾವ ವಿಭಾಗಕ್ಕೆ? – ನಮ್ಮ ಗುಂಪು ಯೋಜನೆಯ ಬಗ್ಗೆ ಒಂದು ತಕರಾರು

ಬೋಧನಾಭ್ಯಾಸದ ಎರಡನೇ ವಾರದ ಶುಕ್ರವಾರ. ಶಾಲೆ ಬಿಟ್ಟಿತ್ತು. ಹೊಸ ಅಗ್ರಹಾರದಿಂದ ಕೆ.ಆರ್. ನಗರಕ್ಕೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ನಮ್ಮ ಗುಂಪಿನ ಆರು ಜನ ಶಾಲೆಯ ಜಗಲಿಯ ಮೇಲೆ ಕುಳಿತು ಗುಂಪು ಯೋಜನೆಯ ರೂಪುರೇಷೆ ಬರೆದೆವು. ನಮಗೆ ಕೊಟ್ಟಿದ್ದ ವಿಷಯ ‘ಕಲಿಕಾರ್ಥಿ ಕೇಂದ್ರಿತ ಬೋಧನೆ ಮತ್ತು ಸಾಂಪ್ರದಾಯಿಕ ಬೋಧನೆ: ಒಂದು ತೌಲನಿಕ ಅಧ್ಯಯನ’. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಎಂಟನೇ ತರಗತಿಯ ಎ ವಿಭಾಗ ನಿಯಂತ್ರಿತ ಗುಂಪು, ಬಿ ವಿಭಾಗ ಪ್ರಾಯೋಗಿಕ ಗುಂಪು. ಎ ವಿಭಾಗಕ್ಕೆ ಉಪನ್ಯಾಸ, ಬಿ ವಿಭಾಗಕ್ಕೆ ಚಟುವಟಿಕೆ. ಪೂರ್ವ ಪರೀಕ್ಷೆ, ಐದು ಪೀರಿಯಡ್ ಪಾಠ, ನಂತರದ ಪರೀಕ್ಷೆ, ಸರಾಸರಿ, ಟಿ-ಪರೀಕ್ಷೆ, ತೀರ್ಮಾನ. “ತೀರ್ಮಾನಾನೂ ಈಗಲೇ ಬರೆದಿಟ್ಟುಬಿಡೋಣ, ಆಮೇಲೆ ಸಮಯ ಸಿಗಲ್ಲ” ಎಂದು ಒಬ್ಬಳು ನಕ್ಕಳು. ನಾವೂ ನಕ್ಕೆವು.

ಒಂದು ಮಾತ್ರ ಉಳಿದಿತ್ತು. ಎ ವಿಭಾಗಕ್ಕೆ ಯಾರು ಹೋಗುವುದು? ಯಾರೂ ಕೈ ಎತ್ತಲಿಲ್ಲ. ವೀಕ್ಷಣೆಗೆ ಬರುವ ಮಾರ್ಗದರ್ಶಕರ ಮುಂದೆ ‘ಹಳೆಯ ಪಾಠ’ ಮಾಡಿ ಅಂಕ ಕಳೆದುಕೊಳ್ಳಲು ಯಾರಿಗೆ ಇಷ್ಟ? ಕೊನೆಗೆ ಗುಂಪಿನಲ್ಲಿ ಹೆಚ್ಚು ಮಾತಾಡದ ಒಬ್ಬ ಗೆಳೆಯ “ಆಯ್ತು, ನಾನೇ ಹೋಗ್ತೀನಿ” ಎಂದ. ಅಷ್ಟರಲ್ಲಿ ಬಸ್ಸು ಬಂತು.

ಬಸ್ಸಿನಲ್ಲಿ ಕುಳಿತ ಮೇಲೆ ನನಗೆ ಒಂದು ಯೋಚನೆ ಹತ್ತಿತು. ಆ ಪಾಠ ಮಾಡುವುದರಿಂದ ತಪ್ಪಿಸಿಕೊಳ್ಳಲು ನಾವು ಐದು ಜನಕ್ಕೆ ದಾರಿ ಇತ್ತು. ಅದನ್ನು ಕೇಳಬೇಕಾದ ಎ ವಿಭಾಗದ ಮಕ್ಕಳಿಗೆ ಅಂಥ ದಾರಿ ಇಲ್ಲ. ಒಂದು ವಿಧಾನ ಕೀಳು ಎಂದು ಮೊದಲೇ ನಂಬಿ, ಅದೇ ವಿಧಾನದಲ್ಲಿ ಐದು ಪೀರಿಯಡ್ ಪಾಠ ಮಾಡಿ, ಆಮೇಲೆ ಆ ಮಕ್ಕಳ ಕಡಿಮೆ ಅಂಕವನ್ನು ನಮ್ಮ ವರದಿಯ ಕೋಷ್ಟಕದಲ್ಲಿ ತೋರಿಸುವುದು ಸರಿಯೇ? ಇದೇ ನನ್ನ ತಕರಾರು. ಅದನ್ನು ನಮ್ಮ ಪತ್ರಿಕೆಯ ಓದುಗರ ಮುಂದೆ, ಮುಖ್ಯವಾಗಿ ನಮಗೆ ಇಂಥ ಯೋಜನೆಗಳನ್ನು ಕೊಡುವ ಗುರುಗಳ ಮುಂದೆ ಇಡುತ್ತಿದ್ದೇನೆ.

ಎರಡು ಪೀರಿಯಡ್‌ಗಳ ಕಥೆ

ಯೋಜನೆ ಶುರುವಾಗುವ ಮುನ್ನ ಒಂದು ಪೂರ್ವಪ್ರಯೋಗ ಇರಲಿ ಎಂದು ‘ಘರ್ಷಣೆ’ ಪಾಠದ ಒಂದೊಂದು ಪೀರಿಯಡ್ ತೆಗೆದುಕೊಂಡೆವು. ಬಿ ವಿಭಾಗಕ್ಕೆ ನಾನು ಹೋದೆ. 5ಇ ಮಾದರಿಯಲ್ಲಿ ಪಾಠ ಯೋಜನೆ ಬರೆದಿದ್ದೆ: ತೊಡಗಿಸುವುದು, ಪರಿಶೋಧಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ. ಆರು ಗುಂಪು ಮಾಡಿದೆ. ಇಟ್ಟಿಗೆಗೆ ದಾರ ಕಟ್ಟಿ, ಸ್ಪ್ರಿಂಗ್ ತಕ್ಕಡಿಯಿಂದ ನೆಲದ ಮೇಲೆ, ಗೋಣಿತಾಟಿನ ಮೇಲೆ, ಪ್ಲಾಸ್ಟಿಕ್ ಹಾಳೆಯ ಮೇಲೆ ಎಳೆದು, ಇಟ್ಟಿಗೆ ಅಲುಗುವಾಗ ಮುಳ್ಳು ಎಷ್ಟು ತೋರಿಸುತ್ತದೆ ಎಂದು ಬರೆದುಕೊಳ್ಳುವ ಚಟುವಟಿಕೆ. ಶಾಲೆಯಲ್ಲಿದ್ದ ಸ್ಪ್ರಿಂಗ್ ತಕ್ಕಡಿ ಎರಡೇ.

ತರಗತಿ ಗಲಗಲ ಎನ್ನುತ್ತಿತ್ತು. ಹಿಂದೆ ಕುಳಿತು ನೋಡಿದವರು “ಮಕ್ಕಳು ಎಷ್ಟು ಚುರುಕಾಗಿದ್ದರು” ಎಂದರು. ಆದರೆ ಒಬ್ಬ ಸಹಪಾಠಿ ನನ್ನ ಕೋರಿಕೆಯಂತೆ ಒಂದೇ ಒಂದು ಗುಂಪನ್ನು ಪೂರ್ತಿ ಪೀರಿಯಡ್ ಗಮನಿಸಿದ್ದಳು. ಅವಳು ಬರೆದುಕೊಂಡದ್ದು ಬೇರೆಯೇ ಇತ್ತು. ತಕ್ಕಡಿ ಬರುವವರೆಗೆ ಆ ಗುಂಪು ಸುಮ್ಮನೆ ಕಾದಿತ್ತು. ತಕ್ಕಡಿ ಬಂದಾಗ ಒಬ್ಬ ಹುಡುಗ ಎಳೆದ, ಇನ್ನೊಬ್ಬ ಮುಳ್ಳು ನೋಡಿ ಕೂಗಿದ, ಒಬ್ಬಳು ಹುಡುಗಿ ಬರೆದುಕೊಂಡಳು. ಉಳಿದ ಇಬ್ಬರು ಇಟ್ಟಿಗೆಯನ್ನು ಮುಟ್ಟಲೂ ಇಲ್ಲ. ಬರೆದುಕೊಂಡ ಹುಡುಗಿಯ ಅಕ್ಷರ ಚೆನ್ನಾಗಿದೆ ಎಂದು ಪ್ರತಿ ಸಲವೂ ಅವಳೇ ಬರೆಯುತ್ತಾಳಂತೆ. ಹಾಗಾಗಿ ಅವಳು ಈವರೆಗೆ ಒಂದು ಉಪಕರಣವನ್ನೂ ಕೈಯಲ್ಲಿ ಹಿಡಿದಿಲ್ಲ. ಕೊನೆಯ ಐದು ನಿಮಿಷದಲ್ಲಿ ನಾನು ಗಡಿಯಾರ ನೋಡಿ, ತೀರ್ಮಾನವನ್ನು ಬೋರ್ಡಿನ ಮೇಲೆ ಬರೆದು, ಎಲ್ಲರಿಗೂ ನಕಲು ಮಾಡಿಕೊಳ್ಳಲು ಹೇಳಿದ್ದೆ. ಆರೂ ಗುಂಪಿನ ನೋಟ್‌ಬುಕ್ಕಿನಲ್ಲಿ ನನ್ನ ವಾಕ್ಯವೇ ಇತ್ತು. ಉಪನ್ಯಾಸವನ್ನು ಗದ್ದಲದ ನಡುವೆ ಮಾಡಿದ್ದೆ, ಅಷ್ಟೇ.

ಎ ವಿಭಾಗದಲ್ಲಿ ಗೆಳೆಯ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತ. ಚಾರ್ಟ್ ಇಲ್ಲ, ಮಾದರಿ ಇಲ್ಲ, ಗುಂಪೂ ಇಲ್ಲ. ಎತ್ತಿನ ಗಾಡಿಯ ಚಕ್ರ ಬರೆದು, “ಗಾಡಿಗೆ ಕೀಲೆಣ್ಣೆ ಯಾಕೆ ಹಾಕ್ತಾರೆ?” ಎಂದು ಕೇಳಿದ. ಹತ್ತು ಕೈ ಮೇಲೆದ್ದವು. ಉತ್ತರ ಎಲ್ಲರಿಗೂ ಗೊತ್ತಿತ್ತು. ಆಮೇಲೆ, “ಹಂಗಾದ್ರೆ ರಸ್ತೆಗೂ ಎಣ್ಣೆ ಸುರಿದ್ರೆ ಗಾಡಿ ಇನ್ನೂ ಚೆನ್ನಾಗಿ ಓಡುತ್ತಾ?” ಎಂದ. ಒಂದು ಕೈಯೂ ಏಳಲಿಲ್ಲ. ಅವನು ಮಾತಾಡದೆ ನಿಂತ. ಹಿಂದಿನ ಬೆಂಚಿನಲ್ಲಿದ್ದ ನಮಗೆ ಆ ಮೌನ ಸಹಿಸಲು ಕಷ್ಟವಾಗಿ, ಪಾಠ ನಿಂತುಹೋಯಿತೇನೋ ಎನಿಸಿತು. ಆಗ ಕಿಟಕಿಯ ಪಕ್ಕದ ಒಬ್ಬ ಹುಡುಗಿ ನಿಧಾನವಾಗಿ ಹೇಳಿದಳು: “ಇಲ್ಲ ಸಾ. ಗದ್ದೆ ಬದು ಮೇಲೆ ಜಾರ್ದಂಗೆ ಆಯ್ತದೆ. ನೆಲ ಚಕ್ರನ ಹಿಡ್ಕೋಬೇಕು, ಕೀಲು ಚಕ್ರನ ಬುಡಬೇಕು.”

ಘರ್ಷಣೆ ಒಂದು ಕಡೆ ಬೇಕು, ಇನ್ನೊಂದು ಕಡೆ ಬೇಡ ಎಂಬ ಪರಿಕಲ್ಪನೆಯನ್ನು ಇಷ್ಟು ಅಚ್ಚುಕಟ್ಟಾಗಿ ಹೇಳಿದ ವಾಕ್ಯವನ್ನು ನಾನು ಎಲ್ಲೂ ಓದಿರಲಿಲ್ಲ. ನಮ್ಮ ರೂಪುರೇಷೆಯ ಪ್ರಕಾರ ಅದು ‘ಸಾಂಪ್ರದಾಯಿಕ’ ತರಗತಿ.

ಇದರಿಂದ ಉಪನ್ಯಾಸವೇ ಮೇಲು ಎಂದು ಹೇಳಲು ನಾನು ಹೊರಟಿಲ್ಲ. ಗೆಳೆಯನ ತರಗತಿಯಲ್ಲೂ ಬಾಯಿ ಬಿಡದ ಮಕ್ಕಳು ಅರ್ಧಕ್ಕಿಂತ ಹೆಚ್ಚಿದ್ದರು. ಅವರ ತಲೆಯಲ್ಲಿ ಏನು ನಡೆಯಿತೋ ನಮಗೆ ಗೊತ್ತಾಗಲಿಲ್ಲ. ನಾನು ಹೇಳುವುದಿಷ್ಟು: ಪಾಠಕ್ಕೆ ನಾವು ಅಂಟಿಸುವ ಹೆಸರನ್ನು ನೋಡಿ, ಆ ಪಾಠದಲ್ಲಿ ಯೋಚಿಸಿದವರು ಯಾರು ಎಂದು ಹೇಳಲಾಗದು. ಹಾಗಿದ್ದ ಮೇಲೆ ಹೆಸರುಗಳನ್ನು ಹೋಲಿಸಿ ಏನು ಫಲ?

ಹಳೆಯದು, ಹೊಸದು ಎಂಬ ಗೆರೆ

‘ಸಾಂಪ್ರದಾಯಿಕ’ ಎಂದಕೂಡಲೇ ನಮಗೆ ನೆನಪಾಗುವುದು ಸಾಲು ಬೆಂಚು, ಒಬ್ಬ ಮೇಷ್ಟ್ರು, ಒಂದೇ ಪಾಠ. ಆದರೆ ನಮ್ಮ ನಿಜವಾದ ಸಂಪ್ರದಾಯ ಹಾಗಿರಲಿಲ್ಲ. ಕೂಲಿಮಠದಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂರುತ್ತಿದ್ದರು, ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು, ಮುಂದಿನವರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಇಂಥದೇ ದೇಸಿ ಶಾಲೆಯೊಂದನ್ನು ಮದರಾಸಿನಲ್ಲಿ ಕಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ತಾನು ನಡೆಸುತ್ತಿದ್ದ ಎಗ್ಮೋರಿನ ಅನಾಥ ಬಾಲಕರ ಶಾಲೆಯಲ್ಲಿ ಆ ಪದ್ಧತಿ ತಂದು, 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಅಚ್ಚು ಹಾಕಿಸಿದ. ಅದು ‘ಮದರಾಸು ಪದ್ಧತಿ’ ಎಂದು ಇಂಗ್ಲೆಂಡಿನಲ್ಲಿ ಹರಡಿತು. ಇಂದು ನಾವು ‘ಸಹಪಾಠಿ ಕಲಿಕೆ’ ಎಂದು ಹೊಸ ತಂತ್ರದಂತೆ ಪಾಠ ಯೋಜನೆಯಲ್ಲಿ ಬರೆಯುವುದರ ಬೇರು ಜಗಲಿಯ ಮರಳಿನಲ್ಲೇ ಇದೆ.

ಹಾಗೆಂದು ಕೂಲಿಮಠವನ್ನು ಹೊಗಳಿ ಕೂರಬೇಕಿಲ್ಲ. ಅಲ್ಲಿ ಬಾಯಿಪಾಠವಿತ್ತು, ಬೆತ್ತವಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಊರಿನ ಬಹಳಷ್ಟು ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಅದರ ಬಾಗಿಲು ಮುಚ್ಚಿತ್ತು. ಕಲಿಕಾರ್ಥಿ ಕೇಂದ್ರಿತ ಎನ್ನುವಾಗ ಯಾವ ಕಲಿಕಾರ್ಥಿ ಎಂದು ಕೇಳಲೇಬೇಕು ಎಂಬ ಪಾಠ ಅದರಲ್ಲಿದೆ. ನನ್ನ ಚಟುವಟಿಕೆಯ ತರಗತಿಯಲ್ಲಿ ತಕ್ಕಡಿ ಹಿಡಿದವರು ಯಾರು ಎಂಬುದೂ ಇದೇ ಪ್ರಶ್ನೆ.

ನಾವು ಪರೀಕ್ಷೆಗೆ ಓದುವ ಜಾನ್ ಡ್ಯೂಯಿ ಹೊಸ ಶಿಕ್ಷಣದ ಮೂಲಪುರುಷರಲ್ಲಿ ಒಬ್ಬರು. ಅವರೇ 1938ರಲ್ಲಿ ಬರೆದ ‘ಎಕ್ಸ್‌ಪೀರಿಯೆನ್ಸ್ ಆ್ಯಂಡ್ ಎಜುಕೇಷನ್’ ಪುಸ್ತಕದಲ್ಲಿ, ಹಳೆಯದನ್ನು ತಿರಸ್ಕರಿಸಿದ ಮಾತ್ರಕ್ಕೆ ಹೊಸದು ಒಳ್ಳೆಯದಾಗುವುದಿಲ್ಲ ಎಂದು ತಮ್ಮ ಕಡೆಯವರನ್ನೇ ಎಚ್ಚರಿಸಿದರು. ‘ಅದೋ ಇದೋ’ ಎಂಬ ಯೋಚನಾಕ್ರಮವೇ ತಪ್ಪು ಎಂಬುದು ಆ ಪುಸ್ತಕದ ವಾದ. ಅದಾಗಿ 85 ವರ್ಷದ ಮೇಲಾಯಿತು. ನಮಗೆ ಬರುವ ಯೋಜನೆಯ ಶೀರ್ಷಿಕೆ ಮಾತ್ರ ಇನ್ನೂ ‘ಅದೋ ಇದೋ’ ಎಂದೇ ಇದೆ.

ಎಚ್.ಡಿ. ಕೋಟೆಯ ಶಿಕ್ಷಕರು ಮಾಡಿದ್ದು

ಗುಂಪು ಯೋಜನೆ ಹೇಗಿರಬೇಕು ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಮ್ಮದೇ ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಆರಂಭವಾಯಿತು. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ನಮ್ಮ ಮಕ್ಕಳಿಗೆ ಹೊಂದುವ ಕಲಿಕಾ ಕಾರ್ಡುಗಳನ್ನು ರೂಪಿಸಿದರು. 2009–10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗಳಿಗೆ ವಿಸ್ತರಿಸಿತು.

ಆ ಶಿಕ್ಷಕರ ಮುಂದಿದ್ದದ್ದು ತೀರ ದಿನನಿತ್ಯದ ತೊಂದರೆ: ಒಂದೇ ಕೋಣೆಯಲ್ಲಿ ಹಲವು ತರಗತಿ, ಒಬ್ಬರೇ ಶಿಕ್ಷಕರು, ಕೆಲಸವಿದ್ದಾಗ ಬಾರದ ಮಕ್ಕಳು. ಹತ್ತು ದಿನ ಬಿಟ್ಟು ಬಂದ ಮಗುವಿಗೆ ಪಾಠ ಮುಂದೆ ಹೋಗಿಬಿಟ್ಟಿರುತ್ತದೆ. ಕಲಿಕಾ ಏಣಿ ಇದ್ದರೆ ಆ ಮಗು ತಾನು ನಿಂತ ಮೆಟ್ಟಿಲಿನಿಂದಲೇ ಹತ್ತಬಹುದು.

ನಾವಿದ್ದ ಪ್ರೌಢಶಾಲೆಯ ಪಕ್ಕದ ಪ್ರಾಥಮಿಕ ಶಾಲೆಯ ನಲಿ-ಕಲಿ ಕೋಣೆಯನ್ನು ಊಟದ ಬಿಡುವಿನಲ್ಲಿ ನೋಡಲು ಹೋಗಿದ್ದೆ. ಅಲ್ಲಿ ಮಕ್ಕಳು ಐದು ಗುಂಪಾಗಿ ಕೂರುತ್ತಾರೆ. ಮೊದಲ ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಎರಡನೆಯದಕ್ಕೆ ಭಾಗಶಃ ನೆರವು, ಮೂರು ಮತ್ತು ನಾಲ್ಕನೆಯದಕ್ಕೆ ಜೊತೆಯ ಮಕ್ಕಳ ನೆರವು, ಐದನೆಯದು ಸ್ವಕಲಿಕೆ. ಅಂದರೆ ಶಿಕ್ಷಕರು ನೇರವಾಗಿ ಹೇಳಿಕೊಡುವುದಕ್ಕೂ ಅಲ್ಲಿ ಗೌರವದ ಜಾಗ ಇದೆ. ಮಗುವಿಗೆ ಅದು ಯಾವಾಗ ಬೇಕು, ಯಾವಾಗ ಬೇಡ ಎಂಬ ತೀರ್ಮಾನವೇ ಆ ಪದ್ಧತಿಯ ಜೀವ. ಬೋಧನೆ ಮತ್ತು ಸ್ವಕಲಿಕೆ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ಏಣಿಯ ಮೆಟ್ಟಿಲುಗಳಾಗಿ ಕಂಡವು. ನಾವು ಅವನ್ನು ಎ ವಿಭಾಗ, ಬಿ ವಿಭಾಗ ಎಂದು ಗೋಡೆ ಹಾಕಿ ಬೇರ್ಪಡಿಸಲು ಹೊರಟಿದ್ದೆವು.

ಎಚ್.ಡಿ. ಕೋಟೆಯ ಶಿಕ್ಷಕರ ಯೋಜನೆ ಒಂದು ತೊಂದರೆಯಿಂದ ಶುರುವಾಯಿತು, ನಮ್ಮದು ಒಂದು ತೀರ್ಪಿನಿಂದ.

ಅಂಕಗಳು ಏನನ್ನು ಹೇಳುತ್ತವೆ?

ಕೆಲವು ಗುರುಗಳು ಕೇಳಬಹುದು: ಹೋಲಿಕೆ ಇಲ್ಲದೆ ಸಂಶೋಧನೆ ಹೇಗೆ? ನಿಯಂತ್ರಿತ ಗುಂಪು ಬೇಡವೇ? ಸರಿಯಾಗಿ ಮಾಡಿದ ಪ್ರಯೋಗಕ್ಕೆ ಖಂಡಿತ ಬೇಕು. ನಾನು ವಿಜ್ಞಾನದ ವಿದ್ಯಾರ್ಥಿನಿ, ಅದಕ್ಕೆ ವಿರೋಧವಿಲ್ಲ. ಆದರೆ ನಮ್ಮ ಪ್ರಯೋಗವನ್ನು ವಿಜ್ಞಾನದ ಕಣ್ಣಿನಿಂದಲೇ ನೋಡಿ. ಎರಡು ವಿಭಾಗಕ್ಕೆ ಇಬ್ಬರು ಬೇರೆ ಬೇರೆ ಪ್ರಶಿಕ್ಷಣಾರ್ಥಿಗಳು ಹೋಗುತ್ತಾರೆ. ಅಂಕದ ವ್ಯತ್ಯಾಸ ವಿಧಾನದಿಂದ ಬಂತೋ, ವ್ಯಕ್ತಿಯಿಂದ ಬಂತೋ? ಚಟುವಟಿಕೆಯ ಪಾಠಕ್ಕೆ ವಾರವೆಲ್ಲ ಸಿದ್ಧತೆ, ‘ಹಳೆಯ’ ಪಾಠಕ್ಕೆ ಅರ್ಧ ಗಂಟೆ. ವ್ಯತ್ಯಾಸ ಸಿದ್ಧತೆಯದೇ ಇರಬಹುದಲ್ಲ? ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ ಮೇಲೆ ಪೂರ್ವ ಪರೀಕ್ಷೆ ಬರೆದ ಮಕ್ಕಳೆಲ್ಲ ನಂತರದ ಪರೀಕ್ಷೆಗೆ ಇರುವುದಿಲ್ಲ. ಒಂದು ಬದಲಾಗುವ ಅಂಶವನ್ನು ಅಳೆಯುವಾಗ ಉಳಿದವನ್ನು ಸ್ಥಿರವಾಗಿಡಬೇಕು ಎಂದು ಎಂಟನೇ ತರಗತಿಗೆ ಹೇಳಿಕೊಡುವ ನಾವೇ ಅದನ್ನು ಮರೆಯುತ್ತೇವೆ. ಇಷ್ಟರ ಮೇಲೆ ಲೆಕ್ಕ ಹಾಕಿದ ಟಿ-ಮೌಲ್ಯಕ್ಕೆ ಎಷ್ಟು ದಶಮಾಂಶ ಸ್ಥಾನ ಕೊಟ್ಟರೂ ಅದು ಹೇಳುವುದು ಅಷ್ಟಕ್ಕಷ್ಟೇ.

ಇನ್ನೊಂದು ಆಕ್ಷೇಪ ಬರಬಹುದು: ಇದು ನೋಟ್ಸ್ ಬರೆಸುವ ಪಾಠದ ಸಮರ್ಥನೆ ಅಲ್ಲವೇ? ಖಂಡಿತ ಅಲ್ಲ. ಮಕ್ಕಳು ಚಟುವಟಿಕೆ, ಶೋಧನೆ, ಅನ್ವೇಷಣೆಯ ಮೂಲಕ ಕಲಿಯಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ನೇ ಹೇಳುತ್ತದೆ. ಹಾಗಾದರೆ ಎ ವಿಭಾಗದ ಮಕ್ಕಳಿಗೂ ಅದು ಅನ್ವಯಿಸಬೇಕು ತಾನೆ? ನಮ್ಮ ವರದಿಗೆ ಒಂದು ಕೋಷ್ಟಕ ಬೇಕು ಎಂಬ ಕಾರಣಕ್ಕೆ ಅದನ್ನು ಐದು ಪೀರಿಯಡ್ ಬದಿಗಿಡುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ಹಾಗಾದರೆ ಏನು ಮಾಡೋಣ?

ತಕರಾರು ಮಾಡಿದವಳು ದಾರಿಯನ್ನೂ ತೋರಿಸಬೇಕು. ಅದೇ ನಾಲ್ಕು ವಾರದಲ್ಲಿ, ಅದೇ ಆರು ಜನ, ಹೊಸ ಖರ್ಚಿಲ್ಲದೆ ಮಾಡಬಹುದಾದ ಯೋಜನೆಯೊಂದನ್ನು ಗುಂಪಿನ ಮುಂದಿಟ್ಟೆ.

ಮೊದಲ ವಾರ ಬರೀ ವೀಕ್ಷಣೆ. ಫ್ಲಾಂಡರ್ಸ್ ಅವರ ಹತ್ತು ವರ್ಗಗಳ ಅಂತರಕ್ರಿಯಾ ವಿಶ್ಲೇಷಣೆಯನ್ನು ನಾವೆಲ್ಲ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದೇವೆ: ಶಿಕ್ಷಕರ ಮಾತಿಗೆ ಏಳು ವರ್ಗ, ವಿದ್ಯಾರ್ಥಿಗಳ ಮಾತಿಗೆ ಎರಡು, ಮೌನ ಅಥವಾ ಗೊಂದಲಕ್ಕೆ ಒಂದು. ಮೂರು ಸೆಕೆಂಡಿಗೊಮ್ಮೆ ಗುರುತು ಹಾಕಬೇಕು. ನಮ್ಮಲ್ಲಿ ಒಬ್ಬರೂ ಒಂದು ನಿಜವಾದ ತರಗತಿಯಲ್ಲಿ ಕುಳಿತು ಆ ಗುರುತು ಹಾಕಿ ನೋಡಿರಲಿಲ್ಲ. ಹಾಕಿ ನೋಡಿದರೆ ಅದರ ಬಲವೂ ತಿಳಿಯುತ್ತದೆ, ಕೊರತೆಯೂ ತಿಳಿಯುತ್ತದೆ. ಗೆಳೆಯನ ಪ್ರಶ್ನೆಯ ನಂತರ ಬಂದ ಆ ಮೌನ ಫ್ಲಾಂಡರ್ಸ್ ಪಟ್ಟಿಯಲ್ಲಿ ಗೊಂದಲದ ಜೊತೆ ಒಂದೇ ಮನೆಗೆ ಬೀಳುತ್ತದೆ. ನನ್ನ ಗದ್ದಲವೂ ಅದೇ ಮನೆಗೆ ಬೀಳುತ್ತದೆ! ಆದ್ದರಿಂದ ನಾವೇ ಒಂದು ಅಂಕಣ ಸೇರಿಸೋಣ: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಸೆಕೆಂಡು ಕಾದರು? ಸಾಮಾನ್ಯವಾಗಿ ಶಿಕ್ಷಕರು ಒಂದು ಸೆಕೆಂಡಿನಷ್ಟೂ ಕಾಯುವುದಿಲ್ಲ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರಿಸುವವರೂ ಹೆಚ್ಚುತ್ತಾರೆ ಎಂದು ಅಮೆರಿಕದ ಮೇರಿ ಬಡ್ ರೋ ವಿಜ್ಞಾನದ ತರಗತಿಗಳಲ್ಲೇ ಕಂಡುಕೊಂಡರು. ಇದನ್ನು ನೋಡಲು ಒಂದು ಕೈಗಡಿಯಾರ ಸಾಕು.

ಎರಡನೇ ವಾರ ಆರೂ ಜನ ಸೇರಿ ಒಂದೇ ಪಾಠವನ್ನು ಯೋಜಿಸುವುದು. ಪಾಠ ಯೋಜನೆಯ ನಮೂನೆಯಲ್ಲಿ ‘ಶಿಕ್ಷಕರ ಚಟುವಟಿಕೆ’, ‘ವಿದ್ಯಾರ್ಥಿಗಳ ಚಟುವಟಿಕೆ’ ಎಂಬ ಅಂಕಣಗಳ ಪಕ್ಕದಲ್ಲಿ ಇನ್ನೊಂದು: ‘ಈ ಹಂತದಲ್ಲಿ ಯಾರು, ಯಾವುದರ ಬಗ್ಗೆ ಯೋಚಿಸುತ್ತಾರೆ?’ ಅಲ್ಲಿ ಬರೆಯಲು ಏನೂ ತೋಚದಿದ್ದರೆ ಆ ಹಂತವನ್ನು ಬದಲಿಸುವುದು.

ಮೂರನೇ ವಾರ ಆ ಪಾಠವನ್ನು ಒಂದು ವಿಭಾಗಕ್ಕೆ ಒಬ್ಬರು ಮಾಡುವುದು, ಉಳಿದ ಐವರು ಒಬ್ಬೊಬ್ಬರು ಒಂದೊಂದು ಗುಂಪಿನ ಮಕ್ಕಳನ್ನೇ ನೋಡುವುದು. ಸಂಜೆ ಕುಳಿತು ತಿದ್ದಿ, ಮರುದಿನ ಇನ್ನೊಂದು ವಿಭಾಗಕ್ಕೆ ತಿದ್ದಿದ ಪಾಠ. ಮುಂದಿನ ಪರಿಕಲ್ಪನೆಗೆ ವಿಭಾಗಗಳ ಸರದಿ ಅದಲುಬದಲು. ಹಾಗಾದರೆ ಯಾವ ವಿಭಾಗವೂ ಸದಾ ಮೊದಲ ಕರಡಿಗೆ ಸಿಕ್ಕಿಬೀಳುವುದಿಲ್ಲ. ಜಪಾನಿನ ಶಿಕ್ಷಕರು ‘ಪಾಠ ಅಧ್ಯಯನ’ ಎಂದು ಮಾಡಿಕೊಂಡು ಬಂದಿರುವುದು ಬಹುಮಟ್ಟಿಗೆ ಇದನ್ನೇ.

ನಾಲ್ಕನೇ ವಾರ ಪಠ್ಯದಲ್ಲಿಲ್ಲದ ಒಂದೇ ಒಂದು ಪ್ರಶ್ನೆಯನ್ನು ಎರಡೂ ವಿಭಾಗದ ಪ್ರತಿ ಮಗುವಿಗೂ ಕೇಳುವುದು. ಘರ್ಷಣೆಗಾದರೆ ‘ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೆ ಅಷ್ಟು ದೊಡ್ಡ ಹಲ್ಲು ಯಾಕೆ, ಅದರ ಬೇರಿಂಗು ನುಣುಪಾಗಿರುವುದು ಯಾಕೆ?’ ಎಂಬಂಥದು. ವರದಿಯಲ್ಲಿ ‘ಯಾವ ವಿಧಾನ ಗೆದ್ದಿತು’ ಎಂಬ ಅಧ್ಯಾಯದ ಬದಲು ‘ಮಕ್ಕಳ ಯೋಚನೆ ಎಲ್ಲೆಲ್ಲಿ ನಿಂತಿತು, ಯಾಕೆ ನಿಂತಿತು, ನಾವೇನು ತಿದ್ದಿದೆವು’ ಎಂಬ ಅಧ್ಯಾಯ.

ಗುಂಪಿನಲ್ಲಿ ಎಲ್ಲರೂ ಇದನ್ನು ಒಪ್ಪಿಲ್ಲ. ಇಬ್ಬರಿಗೆ ಹಳೆಯ ರೂಪುರೇಷೆಯೇ ಸಾಕು ಎನಿಸಿದೆ. ಅದರ ಮಾದರಿ ವರದಿಗಳು ಗ್ರಂಥಾಲಯದಲ್ಲಿವೆ, ಅಂಕದ ಬಗ್ಗೆ ಭಯವಿಲ್ಲ. ಅವರನ್ನು ದೂರಲಾರೆ. ನಮ್ಮ ವೀಕ್ಷಣಾ ನಮೂನೆಯಲ್ಲಿ ಬೋಧನೋಪಕರಣಕ್ಕೆ ಅಂಕವಿದೆ, ಚಾರ್ಟಿಗೆ ಅಂಕವಿದೆ, ಕಪ್ಪುಹಲಗೆ ಕೆಲಸಕ್ಕೆ ಅಂಕವಿದೆ. ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುವುದಕ್ಕೆ ಅಂಕವಿಲ್ಲ. ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ ಎರಡು: ಮುಂದಿನ ವರ್ಷ ಈ ಯೋಜನೆಯ ಶೀರ್ಷಿಕೆಯಿಂದ ಆ ನಡುವಿನ ‘ಮತ್ತು’ವನ್ನೂ ‘ತೌಲನಿಕ’ವನ್ನೂ ತೆಗೆಯಿರಿ. ವೀಕ್ಷಣಾ ನಮೂನೆಯಲ್ಲಿ ಮಕ್ಕಳ ಯೋಚನೆಗೆ ಒಂದು ಸಾಲು ಸೇರಿಸಿ.

ಎ ವಿಭಾಗಕ್ಕೆ ಹೋದ ಗೆಳೆಯನನ್ನು ಆಮೇಲೆ ಕೇಳಿದೆ: “ಅಷ್ಟು ಹೊತ್ತು ಸುಮ್ಮನೆ ಹೆಂಗೆ ನಿಂತೆ? ಭಯ ಆಗಲಿಲ್ವಾ?” ಅವನು ಹೇಳಿದ: “ಆಯ್ತು. ಆದ್ರೆ ಹಳೇ ಪಾಠ ತಾನೆ, ಹೆಂಗೂ ಅಂಕ ಬರಲ್ಲ ಅಂತ ಧೈರ್ಯ ಮಾಡ್ದೆ.”

ಅಂಥ ಧೈರ್ಯಕ್ಕೆ ಅಂಕದ ಆಸೆ ಬಿಡಬೇಕಾದ ಪರಿಸ್ಥಿತಿ ನಮ್ಮ ತರಬೇತಿಯಲ್ಲಿ ಇರಬಾರದು.